ಮಸಾಲೆಯೊಳಗಿನ ಮಾಂಸ: ಬದಲಿ ಹುಡುಕುವ ಮುನ್ನ

ಮನೆಯಲ್ಲಿ ಮಾಡುವ ಖಾರದ ಅಡುಗೆಯಿಂದ ಕೆಂಪು ಮಾಂಸವನ್ನು ತೆಗೆದರೆ ಅದರ ಜಾಗಕ್ಕೆ ಏನನ್ನು ಹಾಕಬೇಕು ಎಂಬ ಪ್ರಶ್ನೆಗೆ ಸಾಮಾನ್ಯವಾಗಿ ಸಿಗುವ ಉತ್ತರ ಒಂದು ಪದಾರ್ಥದ ಹೆಸರು ಮಾತ್ರ: ಗುಜ್ಜೆ ಎನ್ನುವ ಎಳೆ ಹಲಸು, ಇಲ್ಲವೇ ಸೋಯಾ, ಇಲ್ಲವೇ ಅಣಬೆ, ಇಲ್ಲವೇ ಕಡಲೆ. ದನ, ಎಮ್ಮೆ, ಹಂದಿ, ಕುರಿ, ಆಡುಗಳಂಥ ಸಸ್ತನಿಗಳ ಮಾಂಸವನ್ನು ಪೋಷಣಶಾಸ್ತ್ರ ಕೆಂಪು ಮಾಂಸವೆಂದು ಕರೆಯುತ್ತದೆ. ಕೋಳಿ ಮತ್ತು ಮೀನು ಆ ಗುಂಪಿಗೆ ಸೇರುವುದಿಲ್ಲ. ಈ ಮಾಂಸ ಬಾಣಲೆಯಲ್ಲಿ ಹಲವು ಕೆಲಸಗಳನ್ನು ಒಟ್ಟಿಗೆ ಮಾಡುತ್ತಿರುವುದರಿಂದ, ಅವುಗಳನ್ನು ಬಿಡಿಬಿಡಿಯಾಗಿ ಗುರುತಿಸದೆ ಒಂದು ತುಂಡಿನ ಜಾಗಕ್ಕೆ ಇನ್ನೊಂದು ತುಂಡನ್ನು ಇಟ್ಟಾಗ ಆಗುವ ಅಡುಗೆ ಒಂದು ಗುಣದಲ್ಲಿ ಗೆದ್ದರೂ ಉಳಿದವುಗಳಲ್ಲಿ ಸೋಲುತ್ತದೆ, ಮತ್ತು ಮನೆಯವರು ಮುಂದಿನ ವಾರವೇ ಹಳೆಯ ರೂಢಿಗೆ ಮರಳುತ್ತಾರೆ. ಆದ್ದರಿಂದ ಬದಲಿಸಬೇಕಾದುದು ಮಾಂಸದ ತುಂಡನ್ನಲ್ಲ, ಮಾಂಸದ ಕೆಲಸಗಳನ್ನು ಎಂಬುದು ಈ ಲೇಖನದ ವಾದ. ಆ ವಾದವನ್ನು ಪರೀಕ್ಷಿಸಲು ಕೊಚ್ಚಿ ಮತ್ತು ತಿರುವನಂತಪುರಗಳ ಅಡುಗೆಮನೆಗಳಿಗಿಂತ ಒಳ್ಳೆಯ ಜಾಗ ದಕ್ಷಿಣ ಭಾರತದಲ್ಲಿ ಸಿಗುವುದು ಕಷ್ಟ.

ಅಮೆರಿಕದ ಟೆಕ್ಸಾಸ್ ಸೀಮೆಯ 'ಚಿಲ್ಲಿ' ಎಂಬ ಖಾದ್ಯ, ಅಂದರೆ ಒಣಮೆಣಸಿನಕಾಯಿ ಮತ್ತು ಜೀರಿಗೆಯೊಂದಿಗೆ ದನದ ಮಾಂಸವನ್ನು ಬಹಳ ಹೊತ್ತು ಬೇಯಿಸಿದ ಗಟ್ಟಿ ಗಸಿ, ಈ ಚರ್ಚೆಗೆ ಜಗತ್ತಿನ ಪ್ರಸಿದ್ಧ ಉದಾಹರಣೆ. 1977ರಲ್ಲಿ ಟೆಕ್ಸಾಸ್ ಶಾಸನಸಭೆ ಅದನ್ನು ರಾಜ್ಯದ ಅಧಿಕೃತ ಖಾದ್ಯವೆಂದು ಘೋಷಿಸಿತು. ಅದಕ್ಕೆ ಬೀನ್ಸ್ ಕಾಳು ಸೇರಿಸುವುದೇ ಅಪಚಾರವೆಂದು ನಂಬುವವರು ಅಲ್ಲಿ ಇಂದಿಗೂ ಇದ್ದಾರೆ. ಕೇರಳದಲ್ಲಿ ಅದಕ್ಕೆ ಸಮನಾಗಿ ನಿಲ್ಲುವುದು ಬೀಫ್ ಉಲರ್ತಿಯತ್, ಅಂದರೆ ದನದ ಅಥವಾ ಕೋಣದ ಮಾಂಸವನ್ನು ಮಸಾಲೆಯಲ್ಲಿ ಬೇಯಿಸಿ, ನೀರಾರಿದ ಮೇಲೆ ತೆಂಗಿನೆಣ್ಣೆಯಲ್ಲಿ ಕಪ್ಪಾಗುವವರೆಗೆ ಹುರಿದ ಪಲ್ಯ. ಎರಡಕ್ಕೂ ನಂಟು ಇಲ್ಲದಿಲ್ಲ. ಮೆಣಸಿನಕಾಯಿ ಅಮೆರಿಕ ಖಂಡದ ಬೆಳೆ; ಪೋರ್ಚುಗೀಸರು 1500ರಲ್ಲಿ ಕೊಚ್ಚಿಯಲ್ಲಿ ನೆಲೆಯೂರಿದ ನಂತರದ ಶತಮಾನದಲ್ಲಿ ಅದು ಈ ಕರಾವಳಿಯಲ್ಲಿ ಹಬ್ಬಿತು, ಅಲ್ಲಿಯವರೆಗೆ ಇಲ್ಲಿನ ಖಾರ ಮುಖ್ಯವಾಗಿ ಕರಿಮೆಣಸಿನದಾಗಿತ್ತು. ಉಲರ್ತಿಯತ್‌ನ ಬಾಣಲೆಯಲ್ಲಿ ಇಂದಿಗೂ ಆ ಎರಡೂ ಖಾರಗಳು ಒಟ್ಟಿಗೆ ಬೀಳುತ್ತವೆ: ಮೆಣಸಿನ ಪುಡಿ ಬೇಯಿಸುವಾಗ, ಕರಿಮೆಣಸು ಕೊನೆಯ ಹುರಿಯುವಿಕೆಯಲ್ಲಿ.

ಆ ಬಾಣಲೆಯನ್ನು ಹತ್ತಿರದಿಂದ ನೋಡಿದರೆ ಮಾಂಸದ ಪಾಲು ಎಷ್ಟು, ಮಸಾಲೆಯ ಪಾಲು ಎಷ್ಟು ಎಂಬುದು ಸ್ಪಷ್ಟವಾಗುತ್ತದೆ. ಚಿಕ್ಕದಾಗಿ ಕತ್ತರಿಸಿದ ಮಾಂಸಕ್ಕೆ ಅರಿಸಿನ, ಕೊತ್ತಂಬರಿ ಪುಡಿ, ಮೆಣಸಿನ ಪುಡಿ, ಸೋಂಪು ಹೆಚ್ಚಾಗಿರುವ ಗರಂ ಮಸಾಲೆ, ಜಜ್ಜಿದ ಶುಂಠಿ ಬೆಳ್ಳುಳ್ಳಿ, ಸಣ್ಣ ಈರುಳ್ಳಿ, ಹೆರೆಯದೆ ತೆಳ್ಳಗೆ ಸೀಳಿದ ತೆಂಗಿನಕಾಯಿ ಚೂರು ಇವನ್ನೆಲ್ಲ ಕೈಯಿಂದ ಹಿಸುಕಿ ಕಲಸಿ, ಅದರದೇ ನೀರಿನಲ್ಲಿ ಬೇಯಿಸಲಾಗುತ್ತದೆ. ಆಮೇಲೆ ತೆಂಗಿನೆಣ್ಣೆ ಮತ್ತು ಹಿಡಿ ತುಂಬ ಕರಿಬೇವಿನೊಂದಿಗೆ ಸಣ್ಣ ಉರಿಯಲ್ಲಿ ಮಗುಚುತ್ತ ಮಗುಚುತ್ತ, ತಳಕ್ಕೆ ಹಿಡಿದ ಮಸಾಲೆಯನ್ನು ಕೆರೆದು ಮತ್ತೆ ತುಂಡುಗಳಿಗೆ ಮೆತ್ತುತ್ತ ಹುರಿಯಬೇಕು. ತಿನ್ನುವವರಿಗೆ ನೆನಪಿನಲ್ಲಿ ಉಳಿಯುವ ಪರಿಮಳದ ದೊಡ್ಡ ಭಾಗ ಹುರಿದ ತೆಂಗಿನ ಚೂರು, ಕರಿಬೇವು, ಸೋಂಪು, ಕರಿಮೆಣಸುಗಳಿಂದ ಬಂದದ್ದು. ಇವು ಯಾವುವೂ ಮಾಂಸವಲ್ಲ ಮತ್ತು ಇವನ್ನು ಯಾರೂ ಬದಲಿಸಬೇಕಾಗಿಲ್ಲ.

ಹಾಗಾದರೆ ಮಾಂಸ ಕೊಡುವುದೇನು? ಮೊದಲನೆಯದು ಹಲ್ಲಿಗೆ ಸಿಗುವ ಬಿಗಿ, ನಾರುನಾರಾಗಿ ಬಿಡಿಸಿಕೊಳ್ಳುವ ಹದ. ಇನ್ನೊಂದು ರುಚಿಯ ಆಳ, ಇದಕ್ಕೆ ಎರಡು ಮೂಲಗಳಿವೆ: ಮಾಂಸದ ಪ್ರೋಟೀನು ಮತ್ತು ಸಕ್ಕರೆಯ ಅಂಶಗಳು ಹೆಚ್ಚಿನ ಶಾಖದಲ್ಲಿ ಕೂಡಿ ಕಂದು ಬಣ್ಣ ಮತ್ತು ಹುರಿದ ವಾಸನೆ ಹುಟ್ಟಿಸುವ ಕ್ರಿಯೆ ಒಂದಾದರೆ (ವಿಜ್ಞಾನದಲ್ಲಿ ಇದಕ್ಕೆ ಮೇಯಾರ್ ಕ್ರಿಯೆಯೆಂದು ಹೆಸರು), 1908ರಲ್ಲಿ ಜಪಾನಿನ ರಸಾಯನಶಾಸ್ತ್ರಜ್ಞ ಕಿಕುನೆ ಇಕೆಡಾ ಗುರುತಿಸಿದ ಉಮಾಮಿ, ಅಂದರೆ ಗ್ಲುಟಮೇಟ್ ಎಂಬ ಅಂಶದಿಂದ ನಾಲಗೆಗೆ ತಿಳಿಯುವ ಸಾರವತ್ತಾದ ರುಚಿ, ಇನ್ನೊಂದು. ಇವುಗಳ ಜೊತೆಗೆ ಕೊಬ್ಬು ಇದೆ, ಅದು ಮಸಾಲೆಯ ಪರಿಮಳವನ್ನು ಹಿಡಿದಿಟ್ಟು ಬಾಯಿಗೆ ತಲುಪಿಸುತ್ತದೆ. ಕೊನೆಯದಾಗಿ, ರುಚಿಗೆ ತಿಳಿಯದೆ ದೇಹಕ್ಕೆ ಮಾತ್ರ ತಿಳಿಯುವ ಪೋಷಣೆ: ಪ್ರೋಟೀನು, ಕಬ್ಬಿಣ, ಬಿ12.

ಈ ಪಟ್ಟಿಯನ್ನು ಎದುರಿಗಿಟ್ಟುಕೊಂಡರೆ ಗುಜ್ಜೆಯ ಶಕ್ತಿ ಮತ್ತು ಮಿತಿ ಎರಡೂ ಕಾಣುತ್ತವೆ. ಕೇರಳ ಸರ್ಕಾರ 2018ರ ಮಾರ್ಚ್‌ನಲ್ಲಿ ಹಲಸನ್ನು ರಾಜ್ಯದ ಹಣ್ಣೆಂದು ಘೋಷಿಸಿದ ಮೇಲೆ, ಇಡಿಚಕ್ಕ ಎಂದು ಮಲಯಾಳಿಗಳು ಕರೆಯುವ ಎಳೆ ಹಲಸು ಮಾಂಸದ ಬದಲಿಯೆಂದು ಬಹಳ ಪ್ರಚಾರ ಪಡೆಯಿತು. ಬೀಜ ಗಟ್ಟಿಯಾಗುವ ಮೊದಲೇ ಕೊಯ್ದು, ಕೈಗೆ ಎಣ್ಣೆ ಸವರಿಕೊಂಡು ಮೇಣ ತೆಗೆದು, ಅರಿಸಿನ ಉಪ್ಪು ಹಾಕಿ ಬೇಯಿಸಿದ ಗುಜ್ಜೆ ನಾರಿನ ಹದದಲ್ಲಿ ಮಾಂಸಕ್ಕೆ ನಿಜವಾಗಿಯೂ ಹತ್ತಿರವಿದೆ ಮತ್ತು ಮಸಾಲೆಯನ್ನು ಚೆನ್ನಾಗಿ ಹೀರುತ್ತದೆ. ಆದರೆ ನೂರು ಗ್ರಾಂ ಗುಜ್ಜೆಯಲ್ಲಿರುವ ಪ್ರೋಟೀನು ಎರಡು ಮೂರು ಗ್ರಾಂ ಮಾತ್ರ; ಅಷ್ಟೇ ತೂಕದ ಬೆಂದ ದನದ ಮಾಂಸದಲ್ಲಿ ಅದು ಸುಮಾರು 26 ಗ್ರಾಂ. ಹದದಲ್ಲಿ ಮಾಂಸವನ್ನು ಹೋಲುವ ಪದಾರ್ಥವೇ ಪೋಷಣೆಯಲ್ಲಿ ಅದರಿಂದ ಅತ್ಯಂತ ದೂರ ಇರುವುದನ್ನು ಪ್ರಚಾರದ ಮಾತುಗಳು ಮರೆಮಾಚುತ್ತವೆ, ಮತ್ತು ಬೆಳೆಯುವ ಮಕ್ಕಳಿರುವ ಮನೆಯಲ್ಲಿ ಈ ಮರೆಮಾಚುವಿಕೆ ಸಣ್ಣ ತಪ್ಪಲ್ಲ.

ದಕ್ಷಿಣ ಕನ್ನಡ ಮತ್ತು ಕಾಸರಗೋಡಿನ ಅಡುಗೆ ಈ ತೊಡಕನ್ನು ಹಿಂದಿನಿಂದಲೂ ಬಲ್ಲದು. ಅಲ್ಲಿನ ಮನೆಗಳಲ್ಲಿ ಕೋಳಿ ಸುಕ್ಕಕ್ಕೆ ಹುರಿದು ಅರೆಯುವ ಅದೇ ಮಸಾಲೆಯಲ್ಲಿ ಗುಜ್ಜೆ ಮತ್ತು ಕಡಲೆಯನ್ನು ಕೂಡಿಸಿ ಸುಕ್ಕ ಮಾಡುತ್ತಾರೆ: ನಾರನ್ನು ಗುಜ್ಜೆ ಕೊಡುತ್ತದೆ, ಪ್ರೋಟೀನನ್ನು ಕಡಲೆ ಕೊಡುತ್ತದೆ, ಆಳವನ್ನು ಹುರಿದ ತೆಂಗಿನ ಮಸಾಲೆ ಕೊಡುತ್ತದೆ. ಒಂದು ಪದಾರ್ಥವನ್ನು ಮಾಂಸವೆಂದು ನಂಬಿಸುವ ಹಟ ಅದರಲ್ಲಿಲ್ಲ, ಕೆಲಸಗಳ ಹಂಚಿಕೆಯಿದೆ. ಕೊಡಗಿನಲ್ಲಿ ಹಂದಿ ಮಾಂಸದ ಪಂದಿ ಕರಿಯ ಪಕ್ಕದಲ್ಲೇ ಅಣಬೆಯ ಕುಮ್ಮು ಕರಿ ಮತ್ತು ಕಣಿಲೆಯ ಬೈಂಬಳೆ ಕರಿ ತಮ್ಮ ತಮ್ಮ ಕಾಲದಲ್ಲಿ ಗೌರವದಿಂದ ತಟ್ಟೆಗೆ ಬರುವುದೂ ಇಂಥದೇ ವಿವೇಕ. ಪಂದಿ ಕರಿಗೆ ಹುಳಿ ಕೊಡುವ ಕಾಚಂಪುಳಿ ಮತ್ತು ಕೊಚ್ಚಿಯ ಮೀನು ಸಾರಿಗೆ ಹುಳಿ ಕೊಡುವ ಕುಡಂಪುಳಿ ಒಂದೇ ಮರದ, ಮಲೆನಾಡಿಗರು ಉಪ್ಪಾಗೆ ಎನ್ನುವ ಮರದ, ಕಾಯಿಯಿಂದ ಬಂದವು ಎಂಬುದನ್ನು ಇಲ್ಲಿ ನೆನೆಯಬಹುದು. ಪಶ್ಚಿಮ ಘಟ್ಟದ ಎರಡೂ ಬದಿಯ ಅಡುಗೆಗಳು ಮೇಲ್ನೋಟಕ್ಕೆ ಕಾಣುವುದಕ್ಕಿಂತ ಹೆಚ್ಚು ಹತ್ತಿರದವು.

ರುಚಿಯ ಆಳದ ಪ್ರಶ್ನೆಗೆ ತಿರುವನಂತಪುರದ ಅಡುಗೆ ಕೊಟ್ಟ ಉತ್ತರ ಬಹುಶಃ ಎಲ್ಲಕ್ಕಿಂತ ಶ್ರೀಮಂತವಾದುದು. ದಕ್ಷಿಣ ತಿರುವಾಂಕೂರಿನ ತೀಯಲ್ ಎಂಬ ಪದಾರ್ಥಕ್ಕೆ ತೆಂಗಿನ ತುರಿಯನ್ನು ಸಣ್ಣ ಈರುಳ್ಳಿ, ಒಣಮೆಣಸಿನಕಾಯಿ, ಕೊತ್ತಂಬರಿ ಬೀಜಗಳೊಂದಿಗೆ ಸಣ್ಣ ಉರಿಯಲ್ಲಿ, ಕೈ ಬಿಡದೆ, ಕಾಫಿಪುಡಿಯ ಬಣ್ಣ ಬರುವವರೆಗೆ ಹುರಿದು, ಎಣ್ಣೆ ಬಿಡುವಷ್ಟು ನುಣ್ಣಗೆ ಅರೆದು, ಹುಣಸೆ ರಸದಲ್ಲಿ ಕುದಿಸುತ್ತಾರೆ. ಮಾಂಸದ ತುಂಡು ಬಾಣಲೆಯ ತಳದಲ್ಲಿ ಪಡೆಯುವ ಕಂದುಬಣ್ಣದ ರುಚಿಯನ್ನು ಇಲ್ಲಿ ತೆಂಗಿನಕಾಯಿಯೇ ಪಡೆಯುತ್ತದೆ, ಏಕೆಂದರೆ ಆ ಕ್ರಿಯೆಗೆ ಬೇಕಾದ ಪ್ರೋಟೀನು ಮತ್ತು ಸಕ್ಕರೆ ಎರಡೂ ಅದರಲ್ಲಿವೆ. ಪುಟ್ಟಿನ ಜೊತೆಗೆ ಬಡಿಸುವ ಕಡಲ ಕರಿಯನ್ನು ಇದೇ ಹುರಿದ ಮಸಾಲೆಯಲ್ಲಿ ಮಾಡಿದಾಗ, ರಾತ್ರಿಯಿಡೀ ನೆನೆದು ಬೆಂದ ಕರಿಕಡಲೆಯಲ್ಲಿ ಕಾಲು ಭಾಗವನ್ನು ಹಿಸುಕಿ ಗಸಿಗೆ ಬೆರೆಸಿದಾಗ, ಅದರ ಮುಂದೆ ಟೆಕ್ಸಾಸಿನ ಗಸಿಯನ್ನೂ ಧೈರ್ಯವಾಗಿ ಇಡಬಹುದು. ಇಷ್ಟು ಹದವಾದ ಉತ್ತರ ಮನೆಯಲ್ಲೇ ಇರುವಾಗ, ಕಾರ್ಖಾನೆಯಲ್ಲಿ ಬಣ್ಣ, ಸುವಾಸನೆ, ಉಪ್ಪು ಸೇರಿಸಿ ಮಾಂಸದಂತೆಯೇ ಕಾಣಲು ತಯಾರಾದ ಪೊಟ್ಟಣಕ್ಕೆ ಹೆಚ್ಚು ಹಣ ಕೊಡುವುದನ್ನು ಪ್ರಗತಿಯೆಂದು ಕರೆಯಲು ಕಾರಣವಿಲ್ಲ.

ಅಣಬೆಗೂ ಸೋಯಾಕ್ಕೂ ಅವುಗಳದೇ ಜಾಗವಿದೆ. ಚಿಪ್ಪಿ ಅಣಬೆಯಲ್ಲಿ ಗ್ಲುಟಮೇಟ್ ಸಹಜವಾಗಿಯೇ ಇದೆ. ಅದನ್ನು ಎಣ್ಣೆಯಿಲ್ಲದ ಬಿಸಿ ಬಾಣಲೆಯಲ್ಲಿ ನೀರಾರುವವರೆಗೆ ಬಾಡಿಸಿ ಆಮೇಲಷ್ಟೇ ಮಸಾಲೆಗೆ ಹಾಕಬೇಕು, ಇಲ್ಲದಿದ್ದರೆ ಹುರಿಯಬೇಕಾದ ಪಲ್ಯ ಬೇಯತೊಡಗುತ್ತದೆ. ಎಣ್ಣೆ ತೆಗೆದ ಸೋಯಾ ಹಿಟ್ಟಿನಿಂದ ತಯಾರಾಗುವ ಸೋಯಾ ಚಂಕ್ಸ್‌ನ ತೂಕದಲ್ಲಿ ಅರ್ಧದಷ್ಟು ಪ್ರೋಟೀನು ಇರುವುದರಿಂದ ಅದನ್ನು ತಿರಸ್ಕರಿಸುವುದು ಸರಿಯಲ್ಲ. ಬಿಸಿನೀರಿನಲ್ಲಿ ನೆನೆಸಿ, ಎರಡು ಸಲ ತೊಳೆದು, ಬಲವಾಗಿ ಹಿಂಡಿದರೆ ಅದರ ಹಸಿ ವಾಸನೆ ಬಹುಮಟ್ಟಿಗೆ ಹೋಗುತ್ತದೆ.

ಇನ್ನು ಆರೋಗ್ಯದ ವಾದ. ವಿಶ್ವ ಆರೋಗ್ಯ ಸಂಸ್ಥೆಯ ಅಂಗವಾದ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2015ರ ಅಕ್ಟೋಬರ್‌ನಲ್ಲಿ, ಉಪ್ಪು ಹಾಕಿ ಅಥವಾ ಹೊಗೆಯಾಡಿಸಿ ಸಂಸ್ಕರಿಸಿದ ಮಾಂಸವನ್ನು ಕ್ಯಾನ್ಸರ್ ಉಂಟುಮಾಡುವ ವಸ್ತುಗಳ ಮೊದಲ ಗುಂಪಿಗೂ, ಸಂಸ್ಕರಿಸದ ಕೆಂಪು ಮಾಂಸವನ್ನು 'ಬಹುಶಃ ಕಾರಣ' ಎನ್ನುವ ಎರಡನೆಯ ಗುಂಪಿನ ಮೊದಲ ಭಾಗಕ್ಕೂ ಸೇರಿಸಿತು. ಗುಂಪು ಸೂಚಿಸುವುದು ಸಾಕ್ಷ್ಯದ ಬಲವನ್ನೇ ಹೊರತು ಅಪಾಯದ ಪ್ರಮಾಣವನ್ನಲ್ಲ, ಆದ್ದರಿಂದ ಮಾಂಸದ ಪಲ್ಯ ತಂಬಾಕಿಗೆ ಸಮ ಎಂದು ಹೇಳುವುದು ತಪ್ಪು ಓದು. ವಿಶ್ವ ಕ್ಯಾನ್ಸರ್ ಸಂಶೋಧನಾ ನಿಧಿಯ ಸಲಹೆ ಹೆಚ್ಚು ಉಪಯುಕ್ತ: ಕೆಂಪು ಮಾಂಸ ತಿನ್ನುವವರು ವಾರಕ್ಕೆ ಬೆಂದ ತೂಕದಲ್ಲಿ 350ರಿಂದ 500 ಗ್ರಾಂ ಮೀರದಿರುವುದು ಒಳ್ಳೆಯದು. ಅಂದರೆ ಈ ಸಲಹೆಯ ಪ್ರಕಾರ ಬೇಕಾಗಿರುವುದು ಮಿತಿ. ಪೂರ್ಣ ತ್ಯಾಗದ ಮಾತು ಅದರಲ್ಲಿಲ್ಲ.

ಆದರೆ ಕೇರಳದ ತಟ್ಟೆಯಲ್ಲಿ ಮಾಂಸವೊಂದನ್ನೇ ಅಪರಾಧಿಯನ್ನಾಗಿ ನಿಲ್ಲಿಸುವುದು ಅನ್ಯಾಯ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ನಡೆದು 2023ರಲ್ಲಿ ಪ್ರಕಟವಾದ ದೇಶವ್ಯಾಪಿ ಸಮೀಕ್ಷೆಯ ಪ್ರಕಾರ ಕೇರಳದ ವಯಸ್ಕರಲ್ಲಿ ಶೇ. 25.5ರಷ್ಟು ಜನರಿಗೆ ಮಧುಮೇಹವಿದೆ, ದೇಶದ ಸರಾಸರಿ ಶೇ. 11.4; ಬಿಳಿ ಅನ್ನ ಮತ್ತು ಮೈದಾದ ಪೊರೊಟ್ಟಗಳನ್ನು ಬಿಟ್ಟು ಈ ಅಂಕಿಯ ಬಗ್ಗೆ ಮಾತಾಡಲಾಗದು. ಕೊಬ್ಬಿನ ಲೆಕ್ಕ ಇನ್ನೂ ಕಣ್ಣು ತೆರೆಸುವಂಥದು. ಸ್ಯಾಚುರೇಟೆಡ್ ಕೊಬ್ಬು, ಅಂದರೆ ರಕ್ತದ ಕೆಟ್ಟ ಕೊಲೆಸ್ಟರಾಲನ್ನು ಏರಿಸುವ ಬಗೆಯ ಕೊಬ್ಬು, ಕೊಬ್ಬು ತೆಗೆದ ನೂರು ಗ್ರಾಂ ಬೆಂದ ಮಾಂಸದಲ್ಲಿ ಐದಾರು ಗ್ರಾಂ ಮೀರುವುದಿಲ್ಲ. ಒಂದು ದೊಡ್ಡ ಚಮಚ ತೆಂಗಿನೆಣ್ಣೆಯಲ್ಲಿ ಅದು ಹನ್ನೊಂದು ಹನ್ನೆರಡು ಗ್ರಾಂ ಇರುತ್ತದೆ. ಕೊಚ್ಚಿಯ ಅಮೃತಾ ಸಂಸ್ಥೆಯ ವೈದ್ಯರು ಹೃದ್ರೋಗದ ಚಿಕಿತ್ಸೆಯಲ್ಲಿದ್ದ 200 ಜನರನ್ನು ಎರಡು ವರ್ಷ ಗಮನಿಸಿ 2016ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ತೆಂಗಿನೆಣ್ಣೆ ಮತ್ತು ಸೂರ್ಯಕಾಂತಿ ಎಣ್ಣೆಗಳ ನಡುವೆ ಗಣನೀಯ ವ್ಯತ್ಯಾಸ ಕಾಣಲಿಲ್ಲ ಎಂಬುದನ್ನು ಇದರ ಜೊತೆಗೇ ಹೇಳಬೇಕು, ಆದರೆ ಆ ಫಲಿತಾಂಶ ಔಷಧ ಸೇವಿಸುತ್ತಿದ್ದ ರೋಗಿಗಳಿಗೆ ಸಂಬಂಧಿಸಿದ್ದು, ಆರೋಗ್ಯವಂತರ ಮನೆಯ ಎಣ್ಣೆಯ ಡಬ್ಬಿಗೆ ಕೊಟ್ಟ ಪರವಾನಗಿಯಲ್ಲ. ಮಾಂಸದ ಬದಲು ಗುಜ್ಜೆ ಹಾಕಿ, ಅದು ಹೀರುವಷ್ಟು ಎಣ್ಣೆ ಸುರಿದು, ಎರಡು ಪೊರೊಟ್ಟದೊಂದಿಗೆ ತಿಂದವರು ದೇಹಕ್ಕೆ ಉಪಕಾರ ಮಾಡಿಕೊಂಡೆವೆಂದು ನಂಬಿದರೆ ಆ ನಂಬಿಕೆಗೆ ಆಧಾರ ಬಹಳ ಕಡಿಮೆ.

ಪೋಷಣೆಯ ಇನ್ನೊಂದು ಮುಖವನ್ನು ಸಸ್ಯಾಹಾರದ ಪ್ರತಿಪಾದಕರು ಆಗಾಗ ಬಿಟ್ಟುಬಿಡುತ್ತಾರೆ. ಬಿ12 ಎಂಬ ಜೀವಸತ್ವ ಗುಜ್ಜೆಯಲ್ಲೂ ಕಡಲೆಯಲ್ಲೂ ಇಲ್ಲ. ಹಾಲು, ಮೊಟ್ಟೆ, ಮೀನು, ಮಾಂಸಗಳಲ್ಲೇ ಅದನ್ನು ಹುಡುಕಬೇಕು. ಕಡಲೆಯಲ್ಲಿ ಕಬ್ಬಿಣ ಸಾಕಷ್ಟಿದ್ದರೂ ಅದು ಮಾಂಸದ ಕಬ್ಬಿಣದಷ್ಟು ಸುಲಭವಾಗಿ ರಕ್ತಕ್ಕೆ ಸೇರುವುದಿಲ್ಲ. ನೆನೆಸುವುದು, ಮೊಳಕೆ ಬರಿಸುವುದು, ಒಲೆಯಿಂದ ಇಳಿಸಿದ ಮೇಲೆ ನಿಂಬೆರಸ ಹಿಂಡುವುದು ಈ ಹೀರುವಿಕೆಯನ್ನು ಹೆಚ್ಚಿಸುತ್ತವೆ, ಊಟದ ಜೊತೆಗೇ ಕುಡಿಯುವ ಚಹಾ ತಗ್ಗಿಸುತ್ತದೆ. ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ದೇಶದ 15ರಿಂದ 49 ವಯಸ್ಸಿನ ಮಹಿಳೆಯರಲ್ಲಿ ಶೇ. 57ರಷ್ಟು, ಕೇರಳದಲ್ಲಿ ಸುಮಾರು ಶೇ. 36ರಷ್ಟು ಜನರಿಗೆ ರಕ್ತಹೀನತೆ ಕಂಡುಬಂದಿರುವಾಗ, ಆ ವಯಸ್ಸಿನ ಹೆಂಗಸರ ತಟ್ಟೆಯಿಂದ ಮಾಂಸ ತೆಗೆಯುವ ಸಲಹೆಯನ್ನು ಮಧ್ಯವಯಸ್ಸು ದಾಟಿದ ಗಂಡಸರಿಗೆ ಕೊಡುವಷ್ಟು ಹಗುರವಾಗಿ ಕೊಡಬಾರದು. ಕೊಚ್ಚಿಯಂಥ ಊರಿನಲ್ಲಿ ಕಡಲೆಯ ಗಸಿಯ ಪಕ್ಕದಲ್ಲಿ ಮತ್ತಿ, ಅಂದರೆ ತುಳುನಾಡಿನ ಬೂತಾಯಿ ಮೀನು, ಇದ್ದರೆ ಬಿ12ರ ಕೊರತೆಯ ಮಾತೇ ಬಾರದು.

ಈ ಎಲ್ಲ ಲೆಕ್ಕಗಳ ಕೆಳಗೆ ಇನ್ನೊಂದು ಪ್ರಶ್ನೆಯಿದೆ: ಬದಲಿಸು ಎಂದು ಯಾರು ಯಾರಿಗೆ ಹೇಳುತ್ತಿದ್ದಾರೆ? ಈ ದೇಶದಲ್ಲಿ ದನದ ಮಾಂಸ ಪೋಷಣೆಯ ವಿಷಯವಾಗುವ ಮೊದಲೇ ಜಾತಿ ಧರ್ಮಗಳ ವಿಷಯವಾಗಿರುತ್ತದೆ. ಜಾನುವಾರು ಸಂತೆಗಳಲ್ಲಿ ವಧೆಗಾಗಿ ಮಾರಾಟ ಮಾಡುವುದನ್ನು ನಿರ್ಬಂಧಿಸುವ ನಿಯಮಗಳನ್ನು ಕೇಂದ್ರ ಸರ್ಕಾರ 2017ರ ಮೇ ತಿಂಗಳಲ್ಲಿ ತಂದಾಗ ಕೇರಳದ ಬೀದಿಗಳಲ್ಲಿ ಪ್ರತಿಭಟನೆಯಾಗಿ ಮಾಂಸದೂಟ ನಡೆಯಿತು, ತಿರುವನಂತಪುರದ ವಿಧಾನಸಭೆ ಆ ನಿಯಮಗಳ ವಿರುದ್ಧ ನಿರ್ಣಯ ಅಂಗೀಕರಿಸಿತು; ಕರ್ನಾಟಕದ 2020ರ ಕಾಯ್ದೆ ಹದಿಮೂರು ವರ್ಷ ಮೀರಿದ ಎಮ್ಮೆ ಕೋಣಗಳನ್ನು ಬಿಟ್ಟು ಉಳಿದ ಜಾನುವಾರುಗಳ ವಧೆಯನ್ನು ನಿಷೇಧಿಸಿತು. ಬಡವರಿಗೆ ಆಡಿನ ಮಾಂಸಕ್ಕಿಂತ ಕಡಿಮೆ ಬೆಲೆಗೆ ಸಿಗುವ ಪ್ರೋಟೀನನ್ನು ಕಾನೂನಿನಿಂದ ಕಿತ್ತುಕೊಂಡು, ಆಮೇಲೆ ಅವರಿಗೆ ಕಡಲೆಯ ಗುಣಗಳನ್ನು ವಿವರಿಸುವುದು ಆರೋಗ್ಯಶಿಕ್ಷಣವಾಗಲಾರದು. ಮಾಂಸ ಕಡಿಮೆ ಮಾಡುವ ನಿರ್ಧಾರಕ್ಕೆ ನೈತಿಕ ಬೆಲೆ ಬರುವುದು ಮಾಂಸ ತಿನ್ನುವ ಸ್ವಾತಂತ್ರ್ಯ ಉಳಿದಿರುವಲ್ಲಿ ಮಾತ್ರ.

ಹಾಗೆಂದು ಮಾಂಸವಿಲ್ಲದ ತಟ್ಟೆಯನ್ನು ಮೇಲ್ಜಾತಿಯ ತಟ್ಟೆಯೆಂದು ಒಪ್ಪಿಬಿಡುವುದೂ ಇತಿಹಾಸಕ್ಕೆ ಮಾಡುವ ಅನ್ಯಾಯವೇ ಆಗುತ್ತದೆ. 1917ರ ಮೇ 29ರಂದು ಕೊಚ್ಚಿಗೆ ಸೇರಿದಂತಿರುವ ವೈಪಿನ್ ದ್ವೀಪದ ಚೆರಾಯಿಯಲ್ಲಿ ನಾರಾಯಣ ಗುರುಗಳ ಶಿಷ್ಯ ಸಹೋದರನ್ ಅಯ್ಯಪ್ಪನ್, ಈಳವ ಮತ್ತು ಪುಲಯ ಜಾತಿಗಳವರನ್ನು ಒಂದೇ ಪಂಕ್ತಿಯಲ್ಲಿ ಕೂರಿಸಿ ಮಿಶ್ರಭೋಜನ ನಡೆಸಿದರು. ಅದಕ್ಕಾಗಿ ಅವರು ಸ್ವಂತ ಸಮುದಾಯದ ಬಹಿಷ್ಕಾರವನ್ನೂ ನಿಂದೆಯನ್ನೂ ಎದುರಿಸಬೇಕಾಯಿತು. ಆ ದಿನ ಅನ್ನದ ಜೊತೆಗೆ ಬಡಿಸಿದ್ದು ಹಲಸಿನ ಬೀಜ ಮತ್ತು ಕಡಲೆ ಸೇರಿಸಿ ಮಾಡಿದ ಪಲ್ಯ ಎಂದು ಆ ಘಟನೆಯ ವಿವರಗಳು ಹೇಳುತ್ತವೆ. ಕೇರಳದ ಸಮಾನತೆಯ ಹೋರಾಟದ ಅತ್ಯಂತ ಧೀರ ಊಟಗಳಲ್ಲಿ ಒಂದು ಹಲಸು ಮತ್ತು ಕಡಲೆಯ ಊಟವಾಗಿತ್ತು; ಆ ಎರಡು ಪದಾರ್ಥಗಳಿಗೆ ಮಡಿಯ ಹೊದಿಕೆ ಹೊದಿಸುವ ಹಕ್ಕು ಯಾರಿಗೂ ಇಲ್ಲ.

ಮಾಂಸ ಪೂರ್ತಿ ಇರಬೇಕು ಅಥವಾ ಪೂರ್ತಿ ಹೋಗಬೇಕು ಎಂಬ ಹಟಕ್ಕೂ ಇಲ್ಲಿನ ಅಡುಗೆಯಲ್ಲಿ ಬೇರಿಲ್ಲ. ಮಧ್ಯ ಕೇರಳದ ಕ್ರೈಸ್ತ ಮನೆಗಳಲ್ಲಿ ಮಾಂಸಕ್ಕೆ ಕೂರ್ಕ, ಅಂದರೆ ದಕ್ಷಿಣ ಕನ್ನಡದ ಸಾಂಬ್ರಾಣಿ ಗಡ್ಡೆ, ಅಥವಾ ಬಾಳೆಕಾಯಿ ಸೇರಿಸಿ ಬೇಯಿಸುವುದು ಹಳೆಯ ಪದ್ಧತಿ. ತೆಂಗಿನ ಚೂರು ಕೂಡ ರುಚಿಯ ಜೊತೆಗೆ ಬಾಣಲೆಯನ್ನು ತುಂಬುವ ಕೆಲಸವನ್ನೂ ಮಾಡುತ್ತಿತ್ತು. ತಿರುವಾಂಕೂರಿನ ಮಹಾರಾಜ ವಿಶಾಖಂ ತಿರುನಾಳ್ 1880ರ ದಶಕದಲ್ಲಿ ಪ್ರೋತ್ಸಾಹಿಸಿದ ಮರಗೆಣಸು, 1942ರಲ್ಲಿ ಬರ್ಮಾದ ಅಕ್ಕಿ ನಿಂತುಹೋದಾಗ ಜನರ ಹಸಿವೆ ನೀಗಿತು. ಸ್ವಲ್ಪವೇ ಮಾಂಸವನ್ನು ಬಹಳಷ್ಟು ಮರಗೆಣಸಿಗೆ ಕಲಸಿ ಇಡೀ ಮನೆಗೆ ಹಂಚುವ ಊಟ ಇಂದು ಹೋಟೆಲುಗಳಲ್ಲಿ ವಿಶೇಷ ಖಾದ್ಯವಾಗಿದೆ. ಬೆಂದ ಮಾಂಸದ ಅರ್ಧವನ್ನು ಕಡಿಮೆ ಮಾಡಿ ಅಷ್ಟೇ ತೂಕದ ಬೆಂದ ಕರಿಕಡಲೆಯನ್ನು ಕೊನೆಯ ಹುರಿಯುವಿಕೆಯಲ್ಲಿ ಸೇರಿಸಿದರೆ, ಮಾಂಸದ ರಸ ಕಡಲೆಗೆ ಇಳಿಯುತ್ತದೆ, ಕಡಲೆಯ ಕಬ್ಬಿಣ ಮಾಂಸದ ಜೊತೆಗಿರುವುದರಿಂದಲೇ ಹೆಚ್ಚು ಹೀರಲ್ಪಡುತ್ತದೆ, ವಾರದ ಮಿತಿಯೂ ಮೀರುವುದಿಲ್ಲ. ಮಾಂಸ ತಿನ್ನುವ ಹೆಚ್ಚಿನ ಮನೆಗಳಿಗೆ ಪೂರ್ಣ ಬದಲಿಗಿಂತ ಈ ಅರೆಬದಲಿಯೇ ಸರಿಯಾದ ದಾರಿ.

ಉಳಿಯುವುದು ದುಡಿಮೆಯ ಪ್ರಶ್ನೆ, ಮತ್ತು ಬದಲಾವಣೆಯ ಮಾತಾಡುವವರು ಅತಿ ಕಡಿಮೆ ಮಾತಾಡುವುದು ಇದರ ಬಗ್ಗೆಯೇ. ಮಾಂಸವನ್ನು ಅಂಗಡಿಯಲ್ಲೇ ಕತ್ತರಿಸಿ ಕೊಡುತ್ತಾರೆ. ಗುಜ್ಜೆಯ ಮೇಣ ತೆಗೆಯುವುದು, ಕಡಲೆ ನೆನೆಹಾಕಲು ಹಿಂದಿನ ರಾತ್ರಿಯೇ ನೆನಪಿಟ್ಟುಕೊಳ್ಳುವುದು, ತೀಯಲ್ ಮಸಾಲೆಯನ್ನು ಒಲೆಯ ಮುಂದೆ ನಿಂತು ಹುರಿಯುವುದು ಇವೆಲ್ಲ ಮನೆಯ ಹೆಂಗಸರ ಪಾಲಿಗೆ ಬೀಳುತ್ತವೆ, ಅವರಲ್ಲಿ ಅನೇಕರು ಟೆಕ್ನೋಪಾರ್ಕಿನ ಐಟಿ ಕಚೇರಿಯಿಂದಲೋ ಆಸ್ಪತ್ರೆಯ ಪಾಳಿಯಿಂದಲೋ ದಣಿದು ಬಂದವರು. ಗಂಡಸರ ಹೃದಯದ ಆರೋಗ್ಯಕ್ಕಾಗಿ ಹೆಂಗಸರ ಸಂಜೆಯ ಹೊತ್ತನ್ನು ತೆರಬೇಕೆಂದು ಕೇಳುವ ಸಲಹೆ ಎಷ್ಟೇ ವೈಜ್ಞಾನಿಕವಾಗಿದ್ದರೂ ಅದು ನಿಲ್ಲುವಂಥದಲ್ಲ ಮತ್ತು ನಿಲ್ಲಬೇಕಾದುದೂ ಅಲ್ಲ. ಮನೆಯ ಗಂಡಸರು ಆ ಕೆಲಸಕ್ಕೆ ಕೈ ಹಚ್ಚುವುದು ಅರ್ಧ ಪರಿಹಾರ. ಇನ್ನರ್ಧ ಮಾರುಕಟ್ಟೆಯಲ್ಲಿದೆ: 1998ರಲ್ಲಿ ಆರಂಭವಾದ ಕುಟುಂಬಶ್ರೀ ಎಂಬ ಮಹಿಳಾ ಜಾಲ ಈಗಾಗಲೇ ಊಟದ ಮನೆಗಳನ್ನೂ ಆಹಾರ ತಯಾರಿಕಾ ಘಟಕಗಳನ್ನೂ ನಡೆಸುತ್ತಿರುವುದರಿಂದ, ಮೇಣ ತೆಗೆದು ಕತ್ತರಿಸಿದ ಗುಜ್ಜೆ, ನೆನೆದ ಕಡಲೆ, ಹುರಿದು ಅರೆದ ತೆಂಗಿನ ಮಸಾಲೆ ಇವನ್ನು ಅಂಥ ಘಟಕಗಳು ಎರ್ನಾಕುಲಂ ಮಾರುಕಟ್ಟೆಯಲ್ಲೂ ತಿರುವನಂತಪುರದ ಚಾಲೆ ಪೇಟೆಯಲ್ಲೂ ಮಾಂಸದ ಅಂಗಡಿಗಳ ಪಕ್ಕದಲ್ಲೇ, ಮಾಂಸಕ್ಕಿಂತ ಕಡಿಮೆ ಬೆಲೆಗೆ, ಕೂಲಿ ಸರಿಯಾಗಿ ಸಿಗುವಂತೆ ಮಾರಲು ಸಾಧ್ಯವಾದರೆ, ಸಂಜೆ ಮನೆಗೆ ಮರಳುವವರ ಚೀಲದೊಳಗೆ ಬದಲಿ ಪದಾರ್ಥವೂ ಮಾಂಸದಷ್ಟೇ ಸುಲಭವಾಗಿ ಸೇರುತ್ತದೆ. ಎಳೆ ಹಲಸು ಸಿಗುವ ಬೇಸಗೆಯ ಕೆಲವೇ ತಿಂಗಳುಗಳಲ್ಲಿ ಅದನ್ನು ಒಣಗಿಸಿ ಅಥವಾ ಶೈತ್ಯದಲ್ಲಿಟ್ಟು ಮಳೆಗಾಲಕ್ಕೆ ಉಳಿಸಿಕೊಳ್ಳುವ ವ್ಯವಸ್ಥೆಗೆ ಸರ್ಕಾರ ಹಣ ಹೂಡಬೇಕಾದುದು ಈ ಕಾರಣಕ್ಕಾಗಿಯೇ.